ಖಾಲಿ ಕಾಲಂನ ಮೂರು ಅರ್ಥಗಳು: ಅವಲಂಬನೆ ತಪಾಸಣೆಯಲ್ಲಿ ಕಾಣೆಯಾಗುವ ಗುರುತಿನ ಬಗ್ಗೆ ಒಂದು ಟಿಪ್ಪಣಿ

ಜಾವಾದಲ್ಲಿ ಬರೆದ ನಡುಗಾತ್ರದ ಯಾವ ತಂತ್ರಾಂಶವನ್ನು ಬಿಚ್ಚಿ ನೋಡಿದರೂ ಸ್ವಂತ ಬರವಣಿಗೆಗಿಂತ ಬೇರೆಯವರ ಲೈಬ್ರರಿಗಳ ಭಾರವೇ ಹೆಚ್ಚಾಗಿರುತ್ತದೆ. ಹೀಗೆ ಎರವಲು ತಂದವುಗಳಲ್ಲಿ ಯಾವುದಕ್ಕೆ ಭದ್ರತಾ ಲೋಪ ಅಂಟಿದೆ ಎಂದು ಹುಡುಕುವ ಸಲಕರಣೆಗಳಲ್ಲಿ ತಂತ್ರಾಂಶ ಭದ್ರತೆಯ ಸಂಸ್ಥೆ ಓವಾಸ್ಪ್‌ನ ‘ಡಿಪೆಂಡೆನ್ಸಿ-ಚೆಕ್’ ಹಳೆಯದು. 2012ರಿಂದ ಇದೆ, ಉಚಿತವಾಗಿ ಸಿಗುತ್ತದೆ, ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಅದು ಕೊಡುವ ಎಚ್‌ಟಿಎಂಎಲ್ ವರದಿಯ ತಲೆಯಲ್ಲಿ ಎಷ್ಟು ಘಟಕಗಳನ್ನು ನೋಡಲಾಯಿತು, ಎಷ್ಟರಲ್ಲಿ ಲೋಪ ಸಿಕ್ಕಿತು ಎಂಬ ಲೆಕ್ಕ ಇರುತ್ತದೆ. ಅದರ ಕೆಳಗಿನ ಪಟ್ಟಿ ಮೊದಲಿಗೆ ಲೋಪ ಸಿಕ್ಕ ಘಟಕಗಳನ್ನಷ್ಟೇ ತೋರಿಸುತ್ತದೆ. ಎಲ್ಲವನ್ನೂ ತೋರಿಸುವ ಕೊಂಡಿಯನ್ನು ಒತ್ತಿದರೆ ಪಟ್ಟಿ ಉದ್ದವಾಗುತ್ತದೆ. ಆಗ ಗುರುತಿನ ಕಾಲಂನಲ್ಲಿ ಏನೂ ಬರೆಯದ ಸಾಲುಗಳು ಒಂದರ ಕೆಳಗೊಂದು ಕಾಣುತ್ತವೆ. ಈ ಟಿಪ್ಪಣಿ ಆ ಖಾಲಿ ಕಾಲಂ ಕುರಿತದ್ದು.

ಪ್ರಶ್ನೆ ಸರಳವಾಗಿದೆ. ಒಂದು ಘಟಕದ ಎದುರು ಗುರುತು ಇಲ್ಲವೆಂದರೆ ಅದರಲ್ಲಿ ಲೋಪವಿಲ್ಲ ಎಂದು ಅರ್ಥವೇ, ಅಥವಾ ಅದು ಯಾವ ಘಟಕವೆಂದೇ ಸಲಕರಣೆಗೆ ತಿಳಿಯಲಿಲ್ಲ ಎಂದು ಅರ್ಥವೇ? ವರದಿ ಓದುವವರು ಬಹುಮಟ್ಟಿಗೆ ಮೊದಲನೆಯದನ್ನೇ ಹಿಡಿಯುತ್ತಾರೆ. ನನ್ನ ವಾದ ಇಷ್ಟು: ಆ ಖಾಲಿ ಜಾಗ ಒಂದೇ ಆದರೂ ಅದಕ್ಕೆ ಕಾರಣಗಳು ಕನಿಷ್ಠ ಮೂರು ಬಗೆಯವು, ಅವನ್ನು ಬೇರ್ಪಡಿಸದೆ ಮಾಡುವ ದೋಷಶೋಧ ತಪ್ಪು ಕಡೆಗೆ ಒಯ್ಯುತ್ತದೆ.

ಮೊದಲು ಗುರುತುಗಳ ಸರಪಳಿಯನ್ನು ನೋಡೋಣ. ಲೋಪಕ್ಕೆ ಸಿವಿಇ ಸಂಖ್ಯೆ ಇರುತ್ತದೆ. ಈ ಸಂಖ್ಯೆಗಳ ಪಟ್ಟಿಯನ್ನು ಅಮೆರಿಕದ ಮೈಟರ್ ಸಂಸ್ಥೆ 1999ರಲ್ಲಿ ಆರಂಭಿಸಿತು. ಲೋಪ ಇರುವ ಉತ್ಪನ್ನಕ್ಕೆ ಸಿಪಿಇ ಎಂಬ ಇನ್ನೊಂದು ಗುರುತು. ಅದರ 2.3ನೇ ಆವೃತ್ತಿ 2011ರದು. ತಯಾರಕ, ಉತ್ಪನ್ನ, ಆವೃತ್ತಿ ಮೊದಲಾದ 11 ಅಂಶಗಳನ್ನು ಕೋಲನ್ ಚಿಹ್ನೆಯಿಂದ ಜೋಡಿಸಿ ಬರೆದ ಉದ್ದನೆಯ ಸಾಲು ಅದು. ಯಾವ ಸಿವಿಇ ಯಾವ ಸಿಪಿಇಗೆ ಸಂಬಂಧಿಸಿದ್ದು ಎಂದು ಹೊಂದಿಸಿಡುವ ಕೆಲಸ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ನಡೆಸುವ ‘ಎನ್‌ವಿಡಿ’ ದತ್ತಸಂಚಯದ್ದು. ಇನ್ನು ಜಾವಾ ಲೋಕದಲ್ಲಿ ಲೈಬ್ರರಿಗೆ ಬಿಲ್ಡ್ ಸಲಕರಣೆ ಮೇವನ್ ಕೊಟ್ಟ ವಿಳಾಸವೇ ಬೇರೆ ಇದೆ: ಗುಂಪು, ಹೆಸರು, ಆವೃತ್ತಿ. ಹಾಗಾಗಿ ಡಿಸ್ಕ್‌ನಲ್ಲಿರುವ ಕಡತದಿಂದ ಮೇವನ್ ವಿಳಾಸಕ್ಕೆ, ಅಲ್ಲಿಂದ ಸಿಪಿಇಗೆ, ಸಿಪಿಇಯಿಂದ ಸಿವಿಇಗೆ ದಾಟಬೇಕು. ಯಾವ ದಾಟು ಮುರಿದರೂ ವರದಿಯಲ್ಲಿ ಕಾಣುವುದು ಅದೇ ಖಾಲಿ ಕಾಲಂ.

ಸಲಕರಣೆಯನ್ನೇ ಮೊದಲು ಪರೀಕ್ಷಿಸಿ ನೋಡಲು ಲಾಗ್4ಜೆಗಿಂತ ಒಳ್ಳೆಯ ಮಾದರಿ ಇಲ್ಲ. ಅಪಾಚೆಯ ಈ ಲೈಬ್ರರಿಯ ಲೋಪ, ಸಿವಿಇ-2021-44228, 2021ರ ಡಿಸೆಂಬರ್ ಎರಡನೇ ವಾರದಲ್ಲಿ ಬಯಲಾಯಿತು. ತೀವ್ರತೆಯ ಅಂಕ 10ಕ್ಕೆ 10. ಲಾಗ್‌ನಲ್ಲಿ ಬರೆಯಲೆಂದು ಹೊರಗಿನಿಂದ ಬಂದ ಪಠ್ಯದೊಳಗೆ ಒಂದು ವಿಳಾಸ ಅಡಗಿದ್ದರೆ ಲೈಬ್ರರಿ ಅಲ್ಲಿಗೆ ಹೋಗಿ ಕೋಡ್ ತಂದು ನಡೆಸುವಂತಾಗುತ್ತಿತ್ತು. 2.14.1 ಆವೃತ್ತಿಯ ‘ಲಾಗ್4ಜೆ-ಕೋರ್’ ಜಾರ್ ಕಡತವನ್ನು ಒಂದು ಖಾಲಿ ಫೋಲ್ಡರ್‌ನಲ್ಲಿಟ್ಟು ಸಲಕರಣೆ ಓಡಿಸಿದರೆ ಈ ಸಂಖ್ಯೆ ವರದಿಯಲ್ಲಿ ಬರಲೇಬೇಕು. ಬಾರದಿದ್ದರೆ ಮುಂದಿನ ಯಾವ ಊಹೆಯೂ ಬೇಡ. ಸಲಕರಣೆ ಎನ್‌ವಿಡಿಯಿಂದ ಇಳಿಸಿಟ್ಟುಕೊಂಡ ಸ್ಥಳೀಯ ದತ್ತಸಂಚಯವೇ ಹಳತು ಅಥವಾ ಖಾಲಿ. ಪ್ರಯೋಗಾಲಯದವರು ಗೊತ್ತಿರುವ ಮಾದರಿಯನ್ನು ಮೊದಲು ಓಡಿಸುತ್ತಾರಲ್ಲ, ಅದೇ ಕ್ರಮ. ದೋಷಶೋಧಕ್ಕೆ ಕುಳಿತವರು ಇದನ್ನು ಬಿಟ್ಟು ನೇರವಾಗಿ ತಮ್ಮ ಪ್ರಾಜೆಕ್ಟಿನ ಕಡತಗಳೊಳಗೆ ಇಳಿಯುವುದೇ ಹೆಚ್ಚು.

ಸ್ಥಳೀಯ ದತ್ತಸಂಚಯ ಹಳತಾಗುವುದು ಅಪರೂಪದ ಸಂಗತಿಯೇನಲ್ಲ. ಎನ್‌ವಿಡಿ ತನ್ನ ಹಳೆಯ ಜೇಸನ್ ಕಡತಗಳನ್ನು ಒದಗಿಸುವುದನ್ನು ನಿಲ್ಲಿಸಿ ಎಲ್ಲರನ್ನೂ ಎಪಿಐ 2.0ಕ್ಕೆ ಕಳಿಸಿತು. ಡಿಪೆಂಡೆನ್ಸಿ-ಚೆಕ್ ತನ್ನ 9.0 ಆವೃತ್ತಿಯಲ್ಲಿ ಅದಕ್ಕೆ ಹೊಂದಿಕೊಂಡಿತು. ಅದಕ್ಕಿಂತ ಹಿಂದಿನ ಆವೃತ್ತಿಗಳು ಹೊಸ ದಾಖಲೆ ತರಲಾರವು. ಹೊಸ ಎಪಿಐ ಕೀಲಿ ಇಲ್ಲದವರಿಗೆ 30 ಸೆಕೆಂಡಿಗೆ 5 ಕೋರಿಕೆ, ಕೀಲಿ ಇದ್ದವರಿಗೆ 50 ಕೋರಿಕೆ ಎಂದು ಮಿತಿ ಹಾಕಿದೆ. ಬಿಲ್ಡ್ ತಡವಾಗುತ್ತದೆಂದು ಅಪ್‌ಡೇಟ್ ನಿಲ್ಲಿಸಿ ಓಡಿಸುವ ಅಭ್ಯಾಸ ಇದರಿಂದ ಇನ್ನಷ್ಟು ಬೇರೂರಿತು. ಅಂಥ ಕಡೆ ಸಲಕರಣೆ ತಪ್ಪನ್ನೇನೂ ಹೇಳುವುದಿಲ್ಲ. ತನಗೆ ಗೊತ್ತಿರುವ ಕಾಲದವರೆಗಿನ ಉತ್ತರ ಕೊಟ್ಟು ಸುಮ್ಮನಾಗುತ್ತದೆ.

ಲಾಗ್4ಜೆಯ ಆ ಗೊತ್ತಿರುವ ಮಾದರಿಗೆ ಸರಿಯಾದ ಉತ್ತರ ಬಂತೆನ್ನಿ. ಈಗ ಮೊದಲ ದಾಟು: ಕಡತದಿಂದ ಅದರ ಹೆಸರಿಗೆ. ಸಲಕರಣೆ ಜಾರ್ ಕಡತದ ಹೆಸರು, ಒಳಗಿನ ಮ್ಯಾನಿಫೆಸ್ಟ್, ‘ಮೆಟಾ-ಇನ್ಫ್’ ಫೋಲ್ಡರ್‌ನಲ್ಲಿ ಮೇವನ್ ಬಿಟ್ಟುಹೋದ ಪಾಮ್ ಕಡತ, ಕ್ಲಾಸ್‌ಗಳ ಪ್ಯಾಕೇಜ್ ಹೆಸರು, ಇವನ್ನೆಲ್ಲ ‘ಸಾಕ್ಷ್ಯ’ವೆಂದು ಕಲೆಹಾಕಿ ತಯಾರಕ, ಉತ್ಪನ್ನ, ಆವೃತ್ತಿ ಎಂಬ ಮೂರು ಗುಂಪುಗಳಲ್ಲಿಡುತ್ತದೆ. ಪ್ರತಿ ಸಾಕ್ಷ್ಯಕ್ಕೂ ಎಷ್ಟು ನಂಬಬಹುದೆಂಬ ದರ್ಜೆ ಇರುತ್ತದೆ. ಇದಲ್ಲದೆ ಕಡತದ ಎಸ್‌ಎಚ್‌ಎ-1 ಹ್ಯಾಶ್ ತೆಗೆದು ಮೇವನ್ ಸೆಂಟ್ರಲ್ ಭಂಡಾರದಲ್ಲಿ ಅದೇ ಹ್ಯಾಶ್‌ನ ಕಡತ ಇದೆಯೇ ಎಂದು ಕೇಳುವ ವ್ಯವಸ್ಥೆಯೂ ಉಂಟು. ಕಡತದ ಹೆಸರಿನಿಂದ ಆವೃತ್ತಿಯನ್ನು ಅಳಿಸಿ ಬರಿದೇ ‘ಲಾಗ್4ಜೆ’ ಎಂದು ಮರುಹೆಸರಿಟ್ಟರೂ ಗುರುತು ತಪ್ಪುವುದಿಲ್ಲ. ಮ್ಯಾನಿಫೆಸ್ಟ್ ಮತ್ತು ಪಾಮ್ ಅದನ್ನು ಹಿಡಿದುಕೊಡುತ್ತವೆ.

ಗುರುತು ತಪ್ಪುವುದು ‘ಶೇಡಿಂಗ್’ ಮಾಡಿದಾಗ. ಹಲವು ಜಾರ್‌ಗಳನ್ನು ಒಡೆದು ಒಂದೇ ದೊಡ್ಡ ಜಾರ್ ಆಗಿ ಕಟ್ಟುವುದು, ಜೊತೆಗೆ ಹೆಸರುಗಳು ಡಿಕ್ಕಿಯಾಗದಿರಲೆಂದು ಒಳಗಿನ ಪ್ಯಾಕೇಜ್‌ಗಳಿಗೆ ಬೇರೆ ಪೂರ್ವಪದ ಅಂಟಿಸುವುದು ಮೇವನ್ ಶೇಡ್ ಪ್ಲಗಿನ್‌ನ ಕೆಲಸ. ಹೊಸ ಜಾರ್‌ನ ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ. ಆದರೂ ಒಳಗೆ ಪ್ರತಿ ಲೈಬ್ರರಿಯ ಪಾಮ್ ಕಡತ ಉಳಿದಿದ್ದರೆ ಡಿಪೆಂಡೆನ್ಸಿ-ಚೆಕ್ ಅದನ್ನು ಓದಿ ‘ಶೇಡ್ ಆಗಿದೆ’ ಎಂಬ ಷರಾದೊಂದಿಗೆ ಬೇರೆ ಸಾಲಾಗಿ ತೋರಿಸುತ್ತದೆ. ಇಲ್ಲಿ ಒಂದು ಸಣ್ಣ ರೂಢಿ ದೊಡ್ಡ ಹಾನಿ ಮಾಡುತ್ತದೆ. ಸಹಿ ಮಾಡಿದ ಜಾರ್‌ಗಳನ್ನು ಬೆರೆಸಿದಾಗ ಸಹಿ ಕಡತಗಳು ಹೊಂದದೆ ಜಾವಾ ಭದ್ರತಾ ಎಕ್ಸೆಪ್ಷನ್ ಎಸೆಯುತ್ತದೆ. ಅದಕ್ಕೆ ಸರಿಯಾದ ಪರಿಹಾರ, ಮೆಟಾ-ಇನ್ಫ್‌ನಲ್ಲಿರುವ ಸಹಿ ಕಡತಗಳನ್ನು ಮಾತ್ರ ಹೊರಗಿಡುವುದು. ಸಲೀಸೆಂದು ಕೆಲವರು ಇಡೀ ಮೆಟಾ-ಇನ್ಫ್ ಫೋಲ್ಡರನ್ನೇ ಹೊರಗಿಡುವ ಸಾಲು ಬರೆಯುತ್ತಾರೆ. ಎಕ್ಸೆಪ್ಷನ್ ಹೋಗುತ್ತದೆ, ಪ್ರೋಗ್ರಾಂ ಓಡುತ್ತದೆ, ಜೊತೆಗೆ ಪಾಮ್ ಕಡತಗಳೂ ಹೋಗುತ್ತವೆ. ಪ್ಯಾಕೇಜ್ ಹೆಸರು ಬದಲಾಗಿದೆ, ಹ್ಯಾಶ್ ಹೊಸದು, ಪಾಮ್ ಇಲ್ಲ: ಲಾಗ್4ಜೆಯ ಕೋಡ್ ಪೂರ್ತಿಯಾಗಿ ಒಳಗಿದ್ದೂ ಅದನ್ನು ಲಾಗ್4ಜೆ ಎನ್ನಲು ಸಾಕ್ಷ್ಯವೇ ಉಳಿಯಲಿಲ್ಲ. ಸಲಕರಣೆಯ ದೃಷ್ಟಿಯಲ್ಲಿ ಅದು ನಿಮ್ಮದೇ ಕೋಡ್.

ಇದರ ತಿರುಗುಮುರುಗಾದ ಪ್ರಸಂಗವೂ ಲಾಗ್4ಜೆ ಲೋಪ ಬಯಲಾದ 2021ರ ಡಿಸೆಂಬರ್‌ನಲ್ಲೇ ನಡೆಯಿತು. ಹೊಸ ಆವೃತ್ತಿಗೆ ಕೂಡಲೇ ಹೋಗಲಾಗದವರಿಗೆ ಅಪಾಚೆಯೇ ಸೂಚಿಸಿದ ಉಪಾಯ, ಜಾರ್‌ನೊಳಗಿಂದ ‘ಜೆಎನ್‌ಡಿಐ ಲುಕಪ್’ ಎಂಬ ಒಂದು ಕ್ಲಾಸ್ ಕಡತವನ್ನು ಕಿತ್ತುಹಾಕುವುದು. ಹಾಗೆ ಮಾಡಿದ ಜಾರ್‌ನಲ್ಲಿ ಆ ದಾಳಿಗೆ ದಾರಿಯಿಲ್ಲ. ಆದರೆ ಹೆಸರು, ಮ್ಯಾನಿಫೆಸ್ಟ್, ಪಾಮ್ ಎಲ್ಲವೂ ಮೊದಲಿನಂತೆಯೇ 2.14.1 ಎನ್ನುತ್ತವೆ, ಸಲಕರಣೆ ಅದನ್ನು ಎಂದಿನಂತೆ ಕೆಂಪು ಮಾಡಿ ತೋರಿಸುತ್ತದೆ. ಅಂದರೆ ಈ ಸಲಕರಣೆ ಕೋಡನ್ನು ಪರೀಕ್ಷಿಸುತ್ತಿಲ್ಲ, ಕೋಡಿನ ಮೇಲೆ ಅಂಟಿಸಿದ ಚೀಟಿಯನ್ನು ಓದುತ್ತಿದೆ. ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅದರ ವಿನ್ಯಾಸವೇ ಹಾಗಿದೆ, ಅದರ ದಾಖಲೆಗಳೂ ಅದನ್ನು ಮುಚ್ಚಿಟ್ಟಿಲ್ಲ.

ಎರಡನೇ ದಾಟು ಹೆಸರಿನಿಂದ ಸಿಪಿಇಗೆ. ಇಲ್ಲಿಯ ತೊಡಕು ಕಂಪನಿಗಳ ಕೊಳ್ಳುಕೊಡುಗೆಯದು. ಸ್ಪ್ರಿಂಗ್ ಫ್ರೇಮ್‌ವರ್ಕನ್ನು ನೋಡಿ: ಅದನ್ನು ಬೆಳೆಸಿದ ಸ್ಪ್ರಿಂಗ್‌ಸೋರ್ಸ್ ಕಂಪನಿಯನ್ನು ವಿಎಂವೇರ್ 2009ರಲ್ಲಿ ಕೊಂಡಿತು, 2013ರಲ್ಲಿ ಅದು ಪಿವೋಟಲ್‌ಗೆ ಹೋಯಿತು, 2019ರ ಕೊನೆಯಲ್ಲಿ ಪಿವೋಟಲ್ ಮತ್ತೆ ವಿಎಂವೇರ್ ಪಾಲಾಯಿತು, 2023ರಲ್ಲಿ ವಿಎಂವೇರನ್ನೇ ಬ್ರಾಡ್‌ಕಾಮ್ ಕೊಂಡಿತು. ಲೈಬ್ರರಿಯ ಮೇವನ್ ವಿಳಾಸದಲ್ಲಿ ಈ ಯಾರ ಹೆಸರೂ ಇಲ್ಲ. ಸಿಪಿಇಯಲ್ಲಿ ಮಾತ್ರ ಲೋಪ ದಾಖಲಾದ ಕಾಲದ ಒಡೆಯನಿಗೆ ತಕ್ಕಂತೆ ಸ್ಪ್ರಿಂಗ್‌ಸೋರ್ಸ್, ಪಿವೋಟಲ್, ವಿಎಂವೇರ್ ಎಂದು ತಯಾರಕರು ಬದಲಾಗಿದ್ದಾರೆ. ಇಂಥವಕ್ಕಾಗಿಯೇ ಡಿಪೆಂಡೆನ್ಸಿ-ಚೆಕ್ ‘ಹಿಂಟ್ಸ್’ ಎಂಬ ಕಡತ ಇಟ್ಟುಕೊಂಡಿದೆ. ಸನ್ ಎಂದು ಸಾಕ್ಷ್ಯ ಸಿಕ್ಕರೆ ಒರಾಕಲ್ ಎಂದೂ ಎಣಿಸು ಎನ್ನುವ ಬಗೆಯ ಸೂಚನೆಗಳು ಅದರಲ್ಲಿವೆ. ಪ್ರಸಿದ್ಧ ಲೈಬ್ರರಿಗಳಿಗೆ ಯಾರೋ ಈ ಕೆಲಸ ಮಾಡಿಟ್ಟಿದ್ದಾರೆ. ಅಷ್ಟು ಪ್ರಸಿದ್ಧವಲ್ಲದವಕ್ಕೆ ಬಳಸುವವರೇ ಬರೆದುಕೊಳ್ಳಬೇಕು.

ಮೂರನೇ ದಾಟಿನ ಕಥೆ ಬೇರೆ. ಇಲ್ಲಿ ಗುರುತು ಕಾಣೆಯಾಗಲು ನಿಮ್ಮ ಬಿಲ್ಡ್ ಕಾರಣವಲ್ಲ, ಸಲಕರಣೆಯೂ ಕಾರಣವಲ್ಲ. ಸಿವಿಇ ಪ್ರಕಟವಾದ ಮೇಲೆ ಎನ್‌ವಿಡಿಯ ವಿಶ್ಲೇಷಕರು ಅದನ್ನು ಓದಿ, ಯಾವ ಉತ್ಪನ್ನದ ಯಾವ ಆವೃತ್ತಿಗಳಿಗೆ ಅನ್ವಯಿಸುತ್ತದೆ ಎಂದು ಸಿಪಿಇ ಅಂಟಿಸಬೇಕು. 2024ರ ಫೆಬ್ರವರಿ ನಡುವಿನಿಂದ ಈ ಕೆಲಸ ಹಠಾತ್ತನೆ ನಿಧಾನವಾಯಿತು. ದಾಖಲೆಗಳು ‘ವಿಶ್ಲೇಷಣೆಗೆ ಕಾದಿದೆ’ ಎಂಬ ಸ್ಥಿತಿಯಲ್ಲಿ ರಾಶಿಬಿದ್ದವು. ಹಿಂಬಾಕಿಯನ್ನು ಸೆಪ್ಟೆಂಬರ್ ಅಂತ್ಯಕ್ಕೆ ತೀರಿಸುವ ನಿರೀಕ್ಷೆಯನ್ನು ನಿಸ್ಟ್ ಹೇಳಿಕೊಂಡಿತ್ತು. ಅದು ಆಗಲಿಲ್ಲವೆಂದು ನವೆಂಬರ್‌ನಲ್ಲಿ ತಾನೇ ತಿಳಿಸಿತು. ಆ ವರ್ಷ ಪ್ರಕಟವಾದ ಸಿವಿಇಗಳು ಸುಮಾರು 40 ಸಾವಿರ, ಹಿಂದಿನ ವರ್ಷ 29 ಸಾವಿರದ ಆಸುಪಾಸು. ಒಂದೇ ವರ್ಷದಲ್ಲಿ ಇಷ್ಟು ಏರಿಕೆಯಾದರೆ ಕೈಯಿಂದ ಮಾಡುವ ಕೆಲಸ ಹಿಂದೆ ಬೀಳುವುದು ಸಹಜ. 2025ರ ಏಪ್ರಿಲ್‌ನಲ್ಲಿ, 2018ರ ಜನವರಿಗೆ ಮುಂಚಿನ ಸಿವಿಇಗಳನ್ನು ‘ಮುಂದೂಡಲಾಗಿದೆ’ ಎಂದು ಗುರುತಿಸುವುದಾಗಿ ಎನ್‌ವಿಡಿ ಪ್ರಕಟಿಸಿತು.

ಸಲಕರಣೆಯ ಮೇಲೆ ಇದರ ಪರಿಣಾಮ ನೇರವಾದದ್ದು. ಸಿಪಿಇ ಇಲ್ಲದ ಸಿವಿಇ ಸ್ಥಳೀಯ ದತ್ತಸಂಚಯಕ್ಕೆ ಇಳಿದಿರುತ್ತದೆ, ಹುಡುಕಿದರೆ ಅದರ ವಿವರಣೆಯೂ ಸಿಗುತ್ತದೆ. ಯಾವ ಘಟಕಕ್ಕೂ ಅದು ಹೊಂದುವುದಿಲ್ಲ ಅಷ್ಟೇ. ಡಿಪೆಂಡೆನ್ಸಿ-ಚೆಕ್ ತನ್ನ ಹುಡುಕಾಟದ ಸೂಚಿಯನ್ನು ಕಟ್ಟುವುದು ಈ ದಾಖಲೆಗಳಲ್ಲಿ ಬಂದ ತಯಾರಕ-ಉತ್ಪನ್ನ ಜೋಡಿಗಳಿಂದಲೇ. ಹಾಗಾಗಿ ಒಂದು ಲೈಬ್ರರಿಯ ಮೊಟ್ಟಮೊದಲ ಸಿವಿಇಯೇ ವಿಶ್ಲೇಷಣೆಯಾಗದೆ ಉಳಿದಿದ್ದರೆ ಆ ಲೈಬ್ರರಿಯ ಹೆಸರು ಸೂಚಿಯಲ್ಲೇ ಇರುವುದಿಲ್ಲ. ಎಷ್ಟೇ ಸಾಕ್ಷ್ಯ ಕೊಟ್ಟರೂ ಹೊಂದಿಸಲು ಎದುರುಗಡೆ ಏನೂ ಇಲ್ಲ. ಸರ್ವೆ ನಂಬರೇ ಬೀಳದ ಹೊಲಕ್ಕೆ ‘ಯಾವ ಋಣಭಾರವೂ ಇಲ್ಲ’ ಎಂದು ಪ್ರಮಾಣಪತ್ರ ಕೊಟ್ಟ ಹಾಗೆ.

ಸಂಖ್ಯೆಯ ರೂಪವೇ ತೊಡಕಾದ ಒಂದು ಹಳೆಯ ಪ್ರಸಂಗವನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತೇನೆ. ಸಿವಿಇಯ ಕೊನೆಯ ಭಾಗ ಮೊದಲು ಕಡ್ಡಾಯವಾಗಿ ನಾಲ್ಕು ಅಂಕಿ. ವರ್ಷಕ್ಕೆ 9,999ಕ್ಕಿಂತ ಹೆಚ್ಚು ಬರಬಹುದೆಂದು 2014ರ ಜನವರಿಯಿಂದ ಆ ಮಿತಿ ತೆಗೆದರು. ನಾಲ್ಕೇ ಅಂಕಿ ಹಿಡಿಯುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಇಟ್ಟುಕೊಂಡ ಸ್ಕ್ರಿಪ್ಟ್ 44228 ಎಂಬುದನ್ನು 4422 ಎಂದು ಕತ್ತರಿಸುತ್ತದೆ. ಅದು ಬೇರೊಂದು ಲೋಪದ ಸಂಖ್ಯೆ. ಗುರುತು ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು. ವರದಿಗಳನ್ನು ಜೋಡಿಸುವ ಹಳೆಯ ಒಳಬಳಕೆಯ ಸ್ಕ್ರಿಪ್ಟ್‌ಗಳು ಇರುವ ಕಡೆ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈಗ ಈ ವರದಿಗಳು ಹೋಗಿ ಸೇರುವ ದತ್ತಸಂಚಯದೊಳಕ್ಕೆ. ಸಂಸ್ಥೆಗಳು ಇಂಥ ವರದಿಗಳನ್ನು ಒಟ್ಟುಹಾಕಿ ತಮ್ಮದೇ ಕೋಷ್ಟಕಗಳಲ್ಲಿ ಇಡುತ್ತವೆ: ಒಂದರಲ್ಲಿ ಘಟಕಗಳು, ಇನ್ನೊಂದರಲ್ಲಿ ಗುರುತುಗಳು. ಎರಡನ್ನೂ ‘ಇನ್ನರ್ ಜಾಯಿನ್’ ಮಾಡಿದರೆ ಗುರುತಿನ ಜಾಗದಲ್ಲಿ ‘ನಲ್’, ಅಂದರೆ ಬೆಲೆಯೇ ಇಲ್ಲವೆಂಬ ಚಿಹ್ನೆ, ಇರುವ ಘಟಕಗಳು ಫಲಿತಾಂಶದಿಂದಲೇ ಉದುರಿಹೋಗುತ್ತವೆ. ಇದು ಬಹುಪಾಲು ಎಲ್ಲರಿಗೂ ತಿಳಿದದ್ದು. ಹೆಚ್ಚು ಮೋಸದ್ದು ಇದರ ಮುಂದಿನ ಹೆಜ್ಜೆ. ಗುರುತಿಲ್ಲದ ಘಟಕಗಳು ಯಾವುವು ಎಂದು ಹುಡುಕಲು ಹೊರಟವರು, ಗುರುತುಗಳ ಕೋಷ್ಟಕದಲ್ಲಿ ಬಾರದ ಘಟಕಸಂಖ್ಯೆಗಳನ್ನು ಕೊಡು ಎಂದು ‘ನಾಟ್ ಇನ್’ ಬಳಸಿ ಕೇಳುತ್ತಾರೆ. ಆ ಒಳಪ್ರಶ್ನೆಯ ಉತ್ತರದಲ್ಲಿ ಒಂದೇ ಒಂದು ನಲ್ ಇದ್ದರೂ ಇಡೀ ಪ್ರಶ್ನೆಗೆ ಸೊನ್ನೆ ಸಾಲು ಬರುತ್ತದೆ. ಕಾರಣ ತರ್ಕದ್ದು: ಎಸ್‌ಕ್ಯೂಎಲ್‌ನಲ್ಲಿ ಯಾವುದನ್ನಾದರೂ ನಲ್ ಜೊತೆ ಹೋಲಿಸಿದರೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ, ‘ತಿಳಿಯದು’. ಪಟ್ಟಿಯಲ್ಲಿ ಒಂದು ತಿಳಿಯದ ಬೆಲೆ ಇದ್ದಮೇಲೆ ಈ ಸಂಖ್ಯೆ ಪಟ್ಟಿಯಲ್ಲಿ ಖಂಡಿತ ಇಲ್ಲ ಎಂದು ಹೇಳಲು ಬರುವುದಿಲ್ಲ. ಹೇಳಲು ಬಾರದ ಸಾಲನ್ನು ಎಸ್‌ಕ್ಯೂಎಲ್ ಕೊಡುವುದಿಲ್ಲ. ಹೀಗೆ ಕಾಣೆಯಾದ ಗುರುತನ್ನು ಹುಡುಕುವ ಪ್ರಶ್ನೆ ಆ ಕಾಣೆಯಾದ ಗುರುತಿನಿಂದಲೇ ಮೂಕವಾಗುತ್ತದೆ, ನೋಡಿದವರು ಎಲ್ಲಕ್ಕೂ ಗುರುತು ಇದೆ ಎಂದುಕೊಳ್ಳುತ್ತಾರೆ. ‘ನಾಟ್ ಎಕ್ಸಿಸ್ಟ್ಸ್’ ಅಥವಾ ‘ಲೆಫ್ಟ್ ಜಾಯಿನ್’ ಬಳಸಿ ಬರೆದರೆ ಈ ಬಲೆಗೆ ಬೀಳಬೇಕಿಲ್ಲ.

ರಿಲೇಷನಲ್ ದತ್ತಸಂಚಯದ ಕಲ್ಪನೆಯನ್ನು 1970ರಲ್ಲಿ ಮುಂದಿಟ್ಟ ಎಡ್ಗರ್ ಕಾಡ್ ಈ ತೊಡಕನ್ನು ಕಂಡಿದ್ದರು. 1980ರ ದಶಕದಲ್ಲಿ ಅವರು ಒಂದೇ ನಲ್ ಸಾಲದು, ಎರಡು ಬಗೆಯ ಚಿಹ್ನೆ ಬೇಕು ಎಂದು ವಾದಿಸಿದರು. ಬೆಲೆ ಇರಬೇಕಾದದ್ದು, ಆದರೆ ಸದ್ಯ ಗೊತ್ತಿಲ್ಲ ಎನ್ನುವುದಕ್ಕೆ ಒಂದು. ಈ ಸಾಲಿಗೆ ಆ ಬೆಲೆ ಅನ್ವಯಿಸುವುದೇ ಇಲ್ಲ ಎನ್ನುವುದಕ್ಕೆ ಇನ್ನೊಂದು. ಎಸ್‌ಕ್ಯೂಎಲ್ ಈ ಸಲಹೆಯನ್ನು ತೆಗೆದುಕೊಳ್ಳಲಿಲ್ಲ. ಎರಡು ಚಿಹ್ನೆಯಾದರೆ ತರ್ಕ ನಾಲ್ಕು ಬೆಲೆಯದಾಗಿ ಇನ್ನಷ್ಟು ಗೋಜಲಾಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿತ್ತು. ದತ್ತಸಂಚಯದ ಒಳತರ್ಕಕ್ಕೆ ಆ ಆಕ್ಷೇಪ ಸರಿ ಇರಬಹುದು. ಆದರೆ ಮನುಷ್ಯರು ಓದುವ ವರದಿಗೆ ಅದು ಅನ್ವಯಿಸುವುದಿಲ್ಲ ಎಂದು ನನಗನಿಸುತ್ತದೆ.

ಕಾಡ್ ಮಾಡಿದ ಭೇದವನ್ನು ನಮ್ಮ ಖಾಲಿ ಕಾಲಂಗೆ ಹಚ್ಚಿ ನೋಡಿದರೆ ಅದು ನಿಚ್ಚಳವಾಗುತ್ತದೆ. ನಿಮ್ಮ ಕಂಪನಿಯೊಳಗೇ ಬರೆದ, ಹೊರಗೆಲ್ಲೂ ಪ್ರಕಟವಾಗದ ಜಾರ್‌ಗೆ ಸಿಪಿಇ ಇರುವುದೇ ಇಲ್ಲ. ಅಲ್ಲಿ ಖಾಲಿ ಎಂದರೆ ಅನ್ವಯಿಸದು. ಶೇಡ್ ಆಗಿ ಗುರುತು ಕಳೆದುಕೊಂಡ ಲಾಗ್4ಜೆಗೆ ಸಿಪಿಇ ಇದೆ, ನಿಮ್ಮ ಸಲಕರಣೆಗೆ ಹತ್ತಲಿಲ್ಲ. ವಿಶ್ಲೇಷಣೆಗೆ ಕಾದಿರುವ ಸಿವಿಇಯ ಲೈಬ್ರರಿಗೆ ಸಿಪಿಇ ಬರಬೇಕಿದೆ, ಜಗತ್ತಿನಲ್ಲಿ ಯಾರೂ ಇನ್ನೂ ಬರೆದಿಲ್ಲ. ಕೊನೆಯ ಎರಡೂ ಕಾಡ್ ಅವರ ಮೊದಲ ಚಿಹ್ನೆಯ ಕೆಳಗೇ ಬರುತ್ತವೆ, ಆದರೆ ಅವುಗಳ ಪರಿಹಾರ ಒಂದೇ ಅಲ್ಲ: ಒಂದನ್ನು ಬಿಲ್ಡ್ ತಿದ್ದಿ ಸರಿಮಾಡಬಹುದು, ಇನ್ನೊಂದಕ್ಕೆ ಬೇರೆ ದತ್ತಸಂಚಯದ ಮೊರೆಹೋಗಬೇಕು.

ಬೇರೆ ದತ್ತಸಂಚಯ ಇಲ್ಲದಿಲ್ಲ. ಗೂಗಲ್ 2021ರಲ್ಲಿ ಆರಂಭಿಸಿದ ‘ಓಎಸ್‌ವಿ’ ತಯಾರಕರ ಹೆಸರಿನ ಗೊಡವೆಗೇ ಹೋಗುವುದಿಲ್ಲ. ಮೇವನ್, ಎನ್‌ಪಿಎಂ, ಪೈಪಿಐ ಎಂಬ ಭಂಡಾರದ ಹೆಸರು, ಅದರೊಳಗಿನ ಪ್ಯಾಕೇಜ್ ಹೆಸರು, ಆವೃತ್ತಿ ಇಷ್ಟರಿಂದಲೇ ಲೋಪವನ್ನು ಗುರುತಿಸುತ್ತದೆ. ಇದೇ ಮೂರನ್ನು ಒಂದು ವಿಳಾಸದಂತೆ ಬರೆಯುವ ‘ಪರ್ಲ್’ ಅಥವಾ ಪ್ಯಾಕೇಜ್ ಯುಆರ್‌ಎಲ್ ಎಂಬ ಪದ್ಧತಿಯೂ ಬಂದಿದೆ. ಸಿಪಿಇಯನ್ನು ಊಹಿಸಬೇಕು, ಪರ್ಲ್ ಅನ್ನು ಬಿಲ್ಡ್ ಆಗುವಾಗಲೇ ಬರೆದಿಡಬಹುದು. ನನ್ನ ಮಟ್ಟಿಗೆ ಮೊದಲ ಎರಡು ದಾಟುಗಳ ಸಮಸ್ಯೆಗೆ ಇದೇ ಸರಿಯಾದ ಉತ್ತರ. ಹಾಗೆಂದು ಇದರಲ್ಲಿ ಖಾಲಿ ಜಾಗ ಇಲ್ಲವೆಂದಲ್ಲ. ಗಿಟ್‌ಹಬ್‌ನ ಲೋಪಪಟ್ಟಿಯಲ್ಲಿ ಸಿವಿಇ ಸಂಖ್ಯೆ ಇಲ್ಲದೆ ತನ್ನದೇ ‘ಜಿಎಚ್‌ಎಸ್‌ಎ’ ಗುರುತು ಮಾತ್ರ ಇರುವ ದಾಖಲೆಗಳಿವೆ. ಸಿವಿಇಯನ್ನೇ ಪ್ರಧಾನ ಕೀಲಿಯಾಗಿ ಇಟ್ಟುಕೊಂಡ ಒಳಕೋಷ್ಟಕಕ್ಕೆ ಅವನ್ನು ತುಂಬಲು ಹೋದರೆ ಮತ್ತೆ ಅದೇ ನಲ್.

ಭಾರತದಲ್ಲಿ ಈ ವಿಷಯ ಈಗ ಕಾಗದಪತ್ರಕ್ಕೂ ಬಂದಿದೆ. ತಂತ್ರಾಂಶದ ಘಟಕಪಟ್ಟಿ, ಅಂದರೆ ‘ಎಸ್‌ಬಾಮ್’, ಹೇಗಿರಬೇಕೆಂದು ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಪ್ರತಿ ಘಟಕಕ್ಕೆ ಹೆಸರು, ಆವೃತ್ತಿ, ಪೂರೈಕೆದಾರ, ಹ್ಯಾಶ್‌ಗಳ ಜೊತೆ ಅನನ್ಯ ಗುರುತನ್ನೂ ಅದು ಕೇಳುತ್ತದೆ. ಬೆಂಗಳೂರಿನ ಕಂಪನಿಗಳು ತಯಾರಿಸುವ ಪಟ್ಟಿಗಳಲ್ಲಿ ಆ ಜಾಗ ಖಾಲಿ ಉಳಿದರೆ ಏಕೆ ಖಾಲಿ ಎಂದು ಬರೆಯುವ ಪದ್ಧತಿಯನ್ನೂ ಈಗಲೇ ರೂಢಿಸಿಕೊಳ್ಳಬಹುದು. ಪಟ್ಟಿ ತುಂಬಿಸುವ ಹಂತದಲ್ಲಿ ಇದು ಒಂದು ಪದದ ಕೆಲಸ. ಎರಡು ವರ್ಷದ ನಂತರ ಹುಡುಕಲು ಕುಳಿತರೆ ಬಿಲ್ಡ್‌ನ ಚರಿತ್ರೆಯನ್ನೇ ಅಗೆಯಬೇಕಾಗುತ್ತದೆ.

ಸಲಕರಣೆ ಬರೆಯುವವರಲ್ಲಿ ನನ್ನ ಕೋರಿಕೆ ಒಂದು. ವರದಿಯ ತಲೆಯಲ್ಲಿ ನೋಡಿದ ಘಟಕಗಳ ಮತ್ತು ಲೋಪ ಸಿಕ್ಕವುಗಳ ಲೆಕ್ಕದ ಪಕ್ಕದಲ್ಲಿ ಗುರುತು ಹತ್ತದ ಘಟಕಗಳ ಲೆಕ್ಕವನ್ನೂ ಕೊಡಿ, ಅದನ್ನು ಕೊಂಡಿಯ ಹಿಂದೆ ಬಚ್ಚಿಡಬೇಡಿ. ಅದು ಬರುವವರೆಗೆ ವರದಿ ಓದುವವರು ಪೂರ್ತಿ ಪಟ್ಟಿ ತೆರೆದು, ಸಾಕ್ಷ್ಯದ ಸಂಖ್ಯೆ ತೀರ ಕಡಿಮೆ ಇದ್ದು ಕಡತದ ಗಾತ್ರ ದೊಡ್ಡದಿರುವ ಜಾರ್‌ಗಳನ್ನು ಮೊದಲು ಬಿಚ್ಚಿ ನೋಡಬೇಕು. ಮೆಟಾ-ಇನ್ಫ್ ಫೋಲ್ಡರ್ ಬರಿದಾಗಿದ್ದರೆ ಬಿಲ್ಡ್ ಕಡತದಲ್ಲಿ ಹೊರಗಿಡುವ ಸಾಲು ಎಲ್ಲಿದೆ ಎಂದು ಹುಡುಕಿ, ಸಹಿ ಕಡತಗಳಿಗಷ್ಟೇ ಅದನ್ನು ಸೀಮಿತಗೊಳಿಸಿ, ಮತ್ತೆ ಓಡಿಸಿ.